ಫೆಟ್‌ನ ‘ಸ್ಟೇಟ್ಸ್ ಆಫ್ ಮ್ಯಾಟರ್’: ಟ್ಯೂಷನ್ ಟೀಚರ್ ಕಂಡಂತೆ

ಎಂಟು, ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಘನ, ದ್ರವ, ಅನಿಲ ಕಲಿಸುವವರು ಫೆಟ್ (PhET) ಎಂಬ ವಿಜ್ಞಾನದ ವೆಬ್‌ಸೈಟಿನ ‘ಸ್ಟೇಟ್ಸ್ ಆಫ್ ಮ್ಯಾಟರ್’ ಎಂಬ, ಕಣಗಳ ಓಡಾಟವನ್ನು ಪರದೆ ಮೇಲೆ ತೋರಿಸುವ ಸಿಮ್ಯುಲೇಶನ್ ಅನ್ನು ಬಳಸಲೇಬೇಕು ಅಂತ ನನ್ನ ಅಭಿಪ್ರಾಯ. ನಾನು ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ಮನೆಯಲ್ಲೇ ಸಂಜೆ ಟ್ಯೂಷನ್ ಹೇಳುತ್ತೇನೆ. ಬರುವವರು ಹೆಚ್ಚಾಗಿ ನಮ್ಮ ಕನ್ನಡ, ತುಳು ಮನೆಗಳ ಮಕ್ಕಳು. ಶಾಲೆಯಲ್ಲಿ ಇಂಗ್ಲಿಷ್, ಆಟಕ್ಕೆ ಮರಾಠಿ, ನನ್ನ ಹತ್ತಿರ ಕನ್ನಡ.

ಇದಕ್ಕೆ ದುಡ್ಡಿಲ್ಲ, ಲಾಗಿನ್ ಬೇಡ, ಮೊಬೈಲಿನ ಬ್ರೌಸರಿನಲ್ಲೇ ಓಡುತ್ತದೆ. ಅಮೆರಿಕದ ಕೊಲೊರಾಡೊ ಬೌಲ್ಡರ್ ವಿಶ್ವವಿದ್ಯಾಲಯದ್ದು. ಪರದೆ ಮೇಲೆ ಒಂದು ಪಾತ್ರೆ ಇರುತ್ತದೆ. ನಿಯಾನ್, ಆರ್ಗಾನ್, ಆಮ್ಲಜನಕ, ನೀರು, ಈ ನಾಲ್ಕರಲ್ಲಿ ಒಂದನ್ನು ಆರಿಸಬೇಕು. ಕೆಳಗಿನ ಗುಂಡಿಯನ್ನು ಮೇಲಕ್ಕೆ ತಳ್ಳಿದರೆ ಬೆಂಕಿ, ಕೆಳಕ್ಕೆ ಎಳೆದರೆ ಮಂಜುಗಡ್ಡೆ. ಇಷ್ಟೇ.

ಆದರೆ ಈ ಇಷ್ಟರಲ್ಲೇ ದೊಡ್ಡ ವಿಷಯ ಇದೆ. ಪುಸ್ತಕದ ಚಿತ್ರದಲ್ಲಿ ಚುಕ್ಕಿಗಳು ಸುಮ್ನೆ ಕೂತಿರುತ್ತವೆ. ಹಾಗಾಗಿ ಘನದೊಳಗೆ ಏನೂ ಅಲುಗಾಡುವುದಿಲ್ಲ ಅಂತ ಮಕ್ಕಳು ನಂಬುತ್ತಾರೆ. ಇಲ್ಲಿ ‘ಘನ’ದ ಬಟನ್ ಒತ್ತಿದ ತಕ್ಷಣ ಕಣಗಳು ಇದ್ದಲ್ಲೇ ನಡುಗುವುದು ಕಾಣುತ್ತದೆ. ಬಿಸಿ ಮಾಡಿದಂತೆ ನಡುಕ ಜಾಸ್ತಿ. ಆಮೇಲೆ ಸಾಲು ಕದಡಿ ಒಂದರ ಪಕ್ಕ ಒಂದು ಜಾರತೊಡಗುತ್ತವೆ. ಕೊನೆಗೆ ಒಂದೊಂದೇ ಬಿಡಿಸಿಕೊಂಡು ಹಾರುತ್ತವೆ. ನಾನು ಮಕ್ಕಳಿಗೆ ಹೇಳುವುದು ಒಂದೇ: ‘ಒಂದು ಅಣುವನ್ನು ಹಿಡಿ, ಬೆರಳಿಟ್ಟು ಅದನ್ನೇ ಹಿಂಬಾಲಿಸು. ಅದು ಉಬ್ಬಿತಾ? ಕರಗಿತಾ?’ ಇಲ್ಲ. ಮಂಜುಗಡ್ಡೆಯಲ್ಲೂ ಹಬೆಯಲ್ಲೂ ಅದೇ ಅಣು, ಅದೇ ಗಾತ್ರ. ಬದಲಾದದ್ದು ಓಟ ಮತ್ತು ನಡುವಿನ ಅಂತರ. ಇದನ್ನು ಬೋರ್ಡಿನ ಮೇಲೆ ತೋರಿಸುವುದು ತುಂಬಾ ಕಷ್ಟ.

ನೀರಿನ ಘನರೂಪವನ್ನು ತಪ್ಪದೆ ತೋರಿಸಿ. ಉಳಿದವು ಒತ್ತಾಗಿ ಕೂತರೆ ನೀರಿನ ಅಣುಗಳು ನಡುವೆ ಜಾಗ ಬಿಟ್ಟು ಕೂರುತ್ತವೆ. ನೀರು ಹೆಪ್ಪುಗಟ್ಟಿದಾಗ ಸುಮಾರು 9 ಶೇಕಡಾ ಹಿಗ್ಗುವುದು, ಮಂಜುಗಡ್ಡೆ ತೇಲುವುದು, ಫ್ರೀಜರಿನಲ್ಲಿಟ್ಟ ತುಂಬಿದ ಬಾಟಲಿ ಒಡೆಯುವುದು, ಎಲ್ಲಕ್ಕೂ ಕಾರಣ ಅಲ್ಲೇ ಕಣ್ಣಿಗೆ ಬೀಳುತ್ತದೆ.

ಎರಡನೇ ಪರದೆಯಲ್ಲಿ ಪಂಪು ಇದೆ, ಮುಚ್ಚಳ ಒತ್ತುವ ಬೆರಳಿದೆ, ಒತ್ತಡದ ಮೀಟರೂ ಇದೆ. ಮಕ್ಕಳಿಗೆ ಇದು ಬಹಳ ಇಷ್ಟ. ಆದರೆ ಇಲ್ಲಿ ಪರದೆಯನ್ನೇ ನಂಬಿ ಕೂರಬೇಡಿ. ಮೆಡಿಕಲ್‌ನಿಂದ ಸೂಜಿಯಿಲ್ಲದ ಸಿರಿಂಜು ತನ್ನಿ. ಗಾಳಿ ತುಂಬಿ ಒಮ್ಮೆ, ನೀರು ತುಂಬಿ ಒಮ್ಮೆ, ಸಿರಿಂಜಿನ ಬಾಯಿಗೆ ಬೆರಳು ಒತ್ತಿ ತಳ್ಳಿಸಿ. ಗಾಳಿ ಕುಗ್ಗುತ್ತದೆ, ನೀರು ಜಗ್ಗುವುದಿಲ್ಲ. ಹೆಬ್ಬೆರಳಿಗೆ ಆ ಗಟ್ಟಿತನ ತಾಗಿದ ಮೇಲೆ ಪರದೆಯ ಚಿತ್ರಕ್ಕೆ ಅರ್ಥ ಬರುತ್ತದೆ.

ಇದರ ಮಿತಿಗಳನ್ನೂ ಹೇಳಬೇಕು. ಚಿತ್ರ ಚಪ್ಪಟೆ, ಕಣಗಳು ಕೆಲವೇ. ನಡುವಿನ ಕಪ್ಪು ಜಾಗದಲ್ಲಿ ಏನಿದೆ ಎಂದು ಕೇಳಿದರೆ ಮಕ್ಕಳು ‘ಗಾಳಿ’ ಅನ್ನುತ್ತಾರೆ. ಅಲ್ಲಿ ಏನೂ ಇಲ್ಲ, ಗಾಳಿಯೂ ಇಂಥ ಕಣಗಳೇ ಅಂತ ಕಲಿಸುವವರೇ ಬಾಯಿಬಿಟ್ಟು ಹೇಳಬೇಕು. ಈ ಇಡೀ ಪಾಠದಲ್ಲಿ ಕಷ್ಟದ ಮಾತು ಇದೇ. ಅವಸರ ಮಾಡಬೇಡಿ.

ವೇಗದ ವಿಷಯವೂ ಹಾಗೆಯೇ. ಕೋಣೆಯ ಗಾಳಿಯಲ್ಲಿ ಅಣುಗಳು ಸೆಕೆಂಡಿಗೆ ಸುಮಾರು 500 ಮೀಟರ್ ವೇಗದಲ್ಲಿ ಓಡುತ್ತವೆ. ಇದನ್ನು ಹೇಳಿದಾಗ ಒಬ್ಬ ಹುಡುಗಿ ಕೇಳಿದಳು: ‘ಹಾಗಾದ್ರೆ ಟೀಚರ್, ಒಗ್ಗರಣೆ ವಾಸನೆ ಇಲ್ಲಿಗೆ ಬರೋಕೆ ಅಷ್ಟು ಹೊತ್ತು ಯಾಕೆ?’ ಎಂಥ ಒಳ್ಳೆ ಪ್ರಶ್ನೆ! ಎರಡನೇ ಪರದೆಯಲ್ಲಿ ಬಿಸಿ ಮಾಡಿ ಅನಿಲ ಮಾಡಿದೆವು, ಪಂಪಿನಿಂದ ಇನ್ನಷ್ಟು ಕಣ ತುಂಬಿಸಿದೆವು. ಒಂದೇ ಕಣದ ಮೇಲೆ ಅವಳ ಕಣ್ಣು. ಡಿಕ್ಕಿ ಹೊಡೆದು ತಿರುಗಿತು, ಮತ್ತೆ ಡಿಕ್ಕಿ, ಮತ್ತೆ ತಿರುವು. ನಿಜವಾದ ಗಾಳಿಯಲ್ಲಿ ಒಂದು ಡಿಕ್ಕಿಯಿಂದ ಇನ್ನೊಂದಕ್ಕೆ ಇರುವ ದೂರ ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಭಾಗವೂ ಇಲ್ಲ. ಫ್ಯಾನು, ಕಿಟಕಿ ಗಾಳಿ ಇಲ್ಲದಿದ್ದರೆ ಆ ವಾಸನೆ ಇನ್ನೂ ತಡವಾಗಿ ಬರುತ್ತಿತ್ತು. ಅವಳಿಗೆ ಉತ್ತರ ಪರದೆಯ ಮೇಲೇ ಸಿಕ್ಕಿತು ಅನ್ನುವುದು ನನಗೆ ಈಗಲೂ ಖುಷಿ.

ನಮ್ಮ ಕಡೆ ಮಳೆಗಾಲದಲ್ಲಿ ತಣ್ಣೀರಿನ ಸ್ಟೀಲ್ ಲೋಟ ಹೊರಗೆಲ್ಲ ಬೆವರುತ್ತದೆ, ಅಲ್ವಾ? ಲೋಟ ಸೋರುತ್ತಿದೆ ಅನ್ನುವ ಮಕ್ಕಳಿದ್ದಾರೆ. ಅವರ ಮುಂದೆ ಲೋಟ ಇಡಿ, ಪರದೆಯಲ್ಲಿ ಅನಿಲವನ್ನು ತಣ್ಣಗೆ ಮಾಡಿ. ಓಡುತ್ತಿದ್ದವು ನಿಧಾನವಾಗಿ ಒಂದಕ್ಕೊಂದು ಅಂಟಿಕೊಂಡು ತಳದಲ್ಲಿ ಸೇರುತ್ತವೆ. ಲೋಟದ ಹೊರಗಿನ ಹನಿಗಳೂ ಹೀಗೇ, ಗಾಳಿಯಲ್ಲಿದ್ದ ನೀರಾವಿ ತಣ್ಣಗಾಗಿ ಬಂದದ್ದು.

ಫೆಟ್ ಅನ್ನು 2002ರಲ್ಲಿ ಶುರು ಮಾಡಿದವರು ಕಾರ್ಲ್ ವೀಮನ್. ಅವರೂ ಎರಿಕ್ ಕಾರ್ನೆಲ್ ಅವರೂ 1995ರಲ್ಲಿ ಅದೇ ಬೌಲ್ಡರಿನಲ್ಲಿ ರುಬಿಡಿಯಮ್ ಎಂಬ ಲೋಹದ ಅನಿಲವನ್ನು ತಣ್ಣಗೆ ಮಾಡುತ್ತಾ ಹೋದರು. ಇನ್ನು ತಣ್ಣಗಾಗಲು ಸಾಧ್ಯವೇ ಇಲ್ಲ ಅನ್ನುವ ಮಟ್ಟದಿಂದ ಮೇಲೆ, ಒಂದು ಡಿಗ್ರಿಯನ್ನು ಕೋಟಿ ಭಾಗ ಮಾಡಿದರೆ ಅದರಲ್ಲಿ ಎರಡು ಭಾಗದಷ್ಟೂ ಬಿಸಿ ಉಳಿಯಲಿಲ್ಲ. ಆಗ ಸಿಕ್ಕಿದ್ದು ಬೋಸ್-ಐನ್‌ಸ್ಟೈನ್ ಕಂಡೆನ್ಸೇಟ್ ಎಂಬ, ಘನ, ದ್ರವ, ಅನಿಲ ಮೂರೂ ಅಲ್ಲದ ಹೊಸ ಸ್ಥಿತಿ. ಅದಕ್ಕೆ 2001ರ ನೊಬೆಲ್‌ನಲ್ಲಿ ಅವರಿಗೆ ಪಾಲು ಬಂತು. ಅದರ ಮೂಲದ ಲೆಕ್ಕ ನಮ್ಮ ಸತ್ಯೇಂದ್ರನಾಥ ಬೋಸ್ ಅವರು 1924ರಲ್ಲಿ ಮಾಡಿದ್ದು. ಈ ಕಥೆಯನ್ನು ಮಕ್ಕಳಿಗೆ ಖಂಡಿತ ಹೇಳಿ.

ಮೂರನೇ ಪರದೆ ಎರಡು ಅಣುಗಳ ನಡುವಿನ ಸೆಳೆತದ್ದು, ಹನ್ನೊಂದನೇ ಕ್ಲಾಸಿಗೆ ಇರಲಿ. ಅದಿಲ್ಲದ ‘ಬೇಸಿಕ್ಸ್’ ಆವೃತ್ತಿ ಬೇರೆಯೇ ಇದೆ, ಒಂಬತ್ತರವರೆಗೆ ಅದು ಸಾಕು. ಮೊಬೈಲಿಗಿಂತ ಲ್ಯಾಪ್‌ಟಾಪ್ ಒಳ್ಳೆಯದು. ಇಬ್ಬರಿಗೆ ಒಂದು ಪರದೆ ಕೊಡಿ, ಒಬ್ಬರು ಗುಂಡಿ ತಳ್ಳುವ ಮೊದಲು ಇನ್ನೊಬ್ಬರು ಏನಾಗುತ್ತದೆ ಅಂತ ಹೇಳಲಿ.