ಟೆಲಿಫೋನ್ ಪಿಕಪ್ ಕಾಯಿಲ್: ಮೋಟಾರ್ ಸದ್ದು ಹಿಡಿಯೋಕೆ ಗಿಟಾರ್ ಪಿಕಪ್‌ಗಿಂತ ಇದೇ ವಾಸಿ

ಒಂದು ಪುಟ್ಟ ಪ್ಲಾಸ್ಟಿಕ್ ಡಬ್ಬಿ, ಅದರ ಕೆಳಗೆ ಅಂಟಿಕೊಳ್ಳುವ ರಬ್ಬರ್ ಬಟ್ಟಲು, ಸಣಕಲು ವೈರು, ತುದಿಗೆ 3.5 ಮಿ.ಮೀ. ಮೋನೋ ಪ್ಲಗ್. ಲ್ಯಾಂಡ್‌ಲೈನ್ ಕಾಲದಲ್ಲಿ ರಿಸೀವರಿಗೆ ಅಂಟಿಸಿ ಮಾತು ರೆಕಾರ್ಡ್ ಮಾಡಲು ಬಳಸುತ್ತಿದ್ದ ಕಾಯಿಲ್ ಇದು. ಈಗ ಆ ಕೆಲಸಕ್ಕೆ ಯಾರೂ ಕೊಳ್ಳುವುದಿಲ್ಲ. ನಾನು ಕೆಲವು ವರ್ಷಗಳಿಂದ ಇದನ್ನು ಮೋಟಾರುಗಳ ಸದ್ದು ಹಿಡಿಯಲು ಬಳಸುತ್ತಿದ್ದೇನೆ. ಗಿಟಾರ್ ಪಿಕಪ್ (ಗಿಟಾರ್ ತಂತಿಯ ಅಲುಗಾಟ ಹಿಡಿಯುವ ಕಾಯಿಲ್), ಪೀಝೋ (ಅದುರುವಿಕೆಯನ್ನು ವಿದ್ಯುತ್ ಆಗಿಸುವ ಬಿಲ್ಲೆ) ಎಲ್ಲ ಪಕ್ಕದಲ್ಲೇ ಇದ್ದರೂ ಕೈ ಮೊದಲು ಹೋಗುವುದು ಇದರ ಕಡೆಗೇ.

ಮೊದಲೇ ಒಂದು ಮಾತು. ಇದು ಮೈಕ್ ಅಲ್ಲ. ಇದರ ಮುಂದೆ ಕೂಗಿದರೂ ಏನೂ ಕೇಳಿಸುವುದಿಲ್ಲ. ಒಳಗಿರುವುದು ತಿರುಳಿನ ಸುತ್ತ ಸುತ್ತಿದ ತೆಳು ತಾಮ್ರದ ತಂತಿ, ಅಷ್ಟೇ. ಸುತ್ತಲಿನ ಕಾಂತಕ್ಷೇತ್ರ ಬದಲಾದಾಗ ಆ ತಂತಿಯಲ್ಲಿ ಸಣ್ಣಗೆ ವಿದ್ಯುತ್ ಹುಟ್ಟುತ್ತದೆ. 1831ರಲ್ಲಿ ಫ್ಯಾರಡೆ ತೋರಿಸಿಕೊಟ್ಟದ್ದು ಇದನ್ನೇ. ಹಾಗಾಗಿ ನಾಲ್ಕು ಜನ ಮಾತಾಡುತ್ತಿರುವ ಕೋಣೆಯಲ್ಲೂ ರೆಕಾರ್ಡಿಂಗ್ ಶುದ್ಧವಾಗಿ ಬರುತ್ತದೆ. ಮೋಟಾರಿನ ಹೊರಗಿನ ಕಿರಿಕಿರಿಯೂ ಬರುವುದಿಲ್ಲ. ಬರುವುದು ಅದರೊಳಗೆ ಓಡುತ್ತಿರುವ ಕರೆಂಟಿನ ಸದ್ದು. ಅದು ಬೇರೆಯದೇ ಲೋಕ.

ಆಟಿಕೆ ಕಾರಿನಲ್ಲಿರುವಂಥ ಸಣ್ಣ ಡಿಸಿ ಮೋಟಾರನ್ನೇ ತೆಗೆದುಕೊಳ್ಳಿ. ಒಳಗೆ ತಂತಿಯ ಮೂರು ಸುರುಳಿಗಳು, ತಿರುಗುವ ಆ ಸುರುಳಿಗಳಿಗೆ ಉಜ್ಜಿಕೊಂಡು ಕರೆಂಟು ದಾಟಿಸುವ ಎರಡು ಬ್ರಷ್. ಶಾಫ್ಟ್, ಅಂದರೆ ತಿರುಗುವ ನಡುಕಡ್ಡಿ, ಒಂದು ಸುತ್ತು ತಿರುಗುವಷ್ಟರಲ್ಲಿ ಕರೆಂಟು ಆರು ಸಲ ದಾರಿ ಬದಲಿಸುತ್ತದೆ. ನಿಮಿಷಕ್ಕೆ 6,000 ಸುತ್ತು ಅಂದರೆ ಸೆಕೆಂಡಿಗೆ 100. ಅಂದರೆ ಕೇಳಿಸುವ ಮುಖ್ಯ ಸ್ವರ ಸುಮಾರು 600 ಹರ್ಟ್ಸ್. ಅಗ್ಗದ ಮೋಟಾರಿನಲ್ಲಿ ಮೂರೂ ಸುರುಳಿಗಳು ಒಂದೇ ಸಮ ಇರುವುದಿಲ್ಲ. ಆ ಹೆಚ್ಚುಕಡಿಮೆಯಿಂದಾಗಿ 100 ಹರ್ಟ್ಸ್‌ನ ಮಂದ್ರ ಗುಂಯ್ ಕೂಡ ಅಡಿಯಲ್ಲಿ ಸೇರಿಕೊಳ್ಳುತ್ತದೆ. ಮೇಲೆ ಬ್ರಷ್‌ಗಳ ಕಿಡಿ ಚಟಪಟ ಅನ್ನುತ್ತಿರುತ್ತದೆ. ನುಣ್ಣಗೆ ಓಡುವ ಒಳ್ಳೆಯ ಮೋಟಾರಿಗಿಂತ ಅಗ್ಗದ್ದೇ ಚೆನ್ನಾಗಿ ಹಾಡುತ್ತದೆ ಅನ್ನುವುದು ನನ್ನ ಅಭಿಪ್ರಾಯ.

ಇದನ್ನು ನುಡಿಸುವುದು ಹೇಗೆ ಅಂತ ಕೇಳುವವರಿಗೆ: ಬೆರಳಿನಿಂದ. ಶಾಫ್ಟಿಗೆ ಒಂದು ರಬ್ಬರ್ ಚಕ್ರ ಸಿಕ್ಕಿಸಿ, ಅದರ ಅಂಚನ್ನು ಮೆಲ್ಲಗೆ ಒತ್ತಿ. ವೇಗ ಇಳಿಯುತ್ತದೆ, ಶ್ರುತಿ ಜಾರುತ್ತದೆ. ಆದರೆ ಸದ್ದು ಸಣ್ಣದಾಗುವುದಿಲ್ಲ, ದಪ್ಪವಾಗುತ್ತದೆ. ಭಾರ ಬಿದ್ದ ಮೋಟಾರು ಜಾಸ್ತಿ ಕರೆಂಟು ಎಳೆಯುತ್ತದಲ್ವಾ, ಅದೇ ಕಾರಣ. ಇನ್ನೂ ಒತ್ತಿದರೆ ಸ್ವರ ಒಡೆದು ಬಿಡಿಬಿಡಿ ಟಕ್ ಟಕ್ ಆಗುತ್ತದೆ. ಆ ಅಂಚಿನಲ್ಲಿ ಬೆರಳು ನಿಲ್ಲಿಸುವುದೇ ಇದರ ಸಾಧನೆ. ಪೂರ್ತಿ ನಿಲ್ಲಿಸಿ ಹಾಗೇ ಹಿಡಿದಿಟ್ಟುಕೊಳ್ಳಬೇಡಿ, ಸುರುಳಿ ಬಿಸಿಯಾಗಿ ಮೋಟಾರು ಸುಟ್ಟುಹೋಗುತ್ತದೆ.

ಇನ್ನೊಂದು ಕೈಯಲ್ಲಿ ಕಾಯಿಲ್. ಬ್ರಷ್ ಇರುವ ತುದಿಗೆ ಹಿಡಿದರೆ ಸದ್ದು ಗರಗರ, ಮುಂದಿನ ತುದಿಗೆ ತಂದರೆ ದುಂಡಗೆ. ವೈರಿನ ಪಕ್ಕ ಇಟ್ಟರೆ ಬೇರೆಯೇ ಬಣ್ಣ. ಸ್ವಲ್ಪ ದೂರ ಒಯ್ದರೂ ಸದ್ದು ಬೇಗ ಕುಗ್ಗುತ್ತದೆ. ಆದ್ದರಿಂದ ನಾನು ರಬ್ಬರ್ ಬಟ್ಟಲನ್ನು ಕಿತ್ತು ಹಾಕಿದ್ದೇನೆ. ಅಂಟಿಸಿ ಕೂರಿಸಿದರೆ ಇದು ಬರೀ ಪಿಕಪ್. ಕೈಯಲ್ಲಿ ಹಿಡಿದು ಆಡಿಸಿದರೆ ಇದೇ ವಾದ್ಯ.

ಗಿಟಾರ್ ಪಿಕಪ್ಪನ್ನೂ ಸಾಕಷ್ಟು ಬಳಸಿದ್ದೇನೆ. ಅದರಲ್ಲಿ ಸ್ವಂತ ಅಯಸ್ಕಾಂತ ಇರುತ್ತದೆ. ಹಾಗಾಗಿ ಹತ್ತಿರ ಕಬ್ಬಿಣ ಅಲುಗಿದರೂ ಸಾಕು, ಅದಕ್ಕೆ ಕೇಳಿಸುತ್ತದೆ. ಶಾಫ್ಟಿಗೆ ಉಕ್ಕಿನ ಗೇರ್ ಹಾಕಿ ಹಲ್ಲುಗಳು ಪಿಕಪ್ ಮುಂದೆ ಹಾದುಹೋಗುವಂತೆ ಇಟ್ಟರೆ ಸೊಗಸಾದ ನಾದ ಬರುತ್ತದೆ. 32 ಹಲ್ಲಿನ ಗೇರ್ ನಿಮಿಷಕ್ಕೆ 825 ಸುತ್ತು ತಿರುಗಿದರೆ ಸರಿಯಾಗಿ 440 ಹರ್ಟ್ಸ್. 1935ರಲ್ಲಿ ಬಂದ ಹ್ಯಾಮಂಡ್ ಆರ್ಗನ್ ನಡೆದದ್ದೂ ಇದೇ ಉಪಾಯದಿಂದ: ತಿರುಗುವ ಲೋಹದ ಚಕ್ರಗಳು, ಒಂದೊಂದರ ಮುಂದೆ ಒಂದೊಂದು ಅಯಸ್ಕಾಂತ ಮತ್ತು ಕಾಯಿಲ್. ಅದರ ಸಿಂಕ್ರೊನಸ್ ಮೋಟಾರು ಮೇನ್ಸ್ ಕರೆಂಟಿನ ತಾಳಕ್ಕೆ ತಿರುಗುತ್ತಿದ್ದರಿಂದ ಶ್ರುತಿ ಗಟ್ಟಿ. ನಮ್ಮ ಆಟಿಕೆ ಮೋಟಾರಿಗೆ ಆ ಶಿಸ್ತಿಲ್ಲ. ಬ್ಯಾಟರಿ ಇಳಿದಂತೆ ಶ್ರುತಿಯೂ ಇಳಿಯುತ್ತದೆ. ಗಿಟಾರ್ ಪಿಕಪ್ಪಿನ ತೊಂದರೆ ಏನೆಂದರೆ ಅದನ್ನು ಕೈಯಲ್ಲಿ ಹಿಡಿದು ಓಡಾಡಿಸಲು ಆಗುವುದಿಲ್ಲ. ಅಯಸ್ಕಾಂತ ಮೋಟಾರಿನ ತಗಡಿಗೆ ಟಪ್ ಅಂತ ಅಂಟಿಕೊಳ್ಳುತ್ತದೆ. ಹಂಬಕರ್ ಅನ್ನುವ ಜೋಡಿ ಕಾಯಿಲಿನ ಗಿಟಾರ್ ಪಿಕಪ್ ಅಂತೂ ಈ ಕೆಲಸಕ್ಕೆ ಬೇಡ. ಹೊರಗಿನ ಗುಂಯ್ ಸದ್ದನ್ನು ಹೊಡೆದುಹಾಕಲೆಂದೇ ಮಾಡಿದ್ದು ಅದು. ನಮಗೆ ಬೇಕಾದದ್ದೇ ಆ ಗುಂಯ್!

ಈಗ ಟೆಲಿಫೋನ್ ಕಾಯಿಲಿನ ತಕರಾರುಗಳು. ಮೊದಲನೆಯದು ವೈರು. ಡಬ್ಬಿಯಿಂದ ಹೊರಬರುವ ಕುತ್ತಿಗೆಯಲ್ಲೇ ಮುರಿಯುತ್ತದೆ. ಮೊದಲು ಕೊರ್ ಕೊರ್ ಅನ್ನುತ್ತದೆ, ಆಮೇಲೆ ವೈರು ಬಗ್ಗಿಸಿದಾಗ ಮಾತ್ರ ಸದ್ದು, ಆಮೇಲೆ ಅದೂ ಇಲ್ಲ. ತಂದ ದಿನವೇ ಆ ಜಾಗಕ್ಕೆ ಹೀಟ್‌ಶ್ರಿಂಕ್ (ಬಿಸಿ ಮಾಡಿದರೆ ಬಿಗಿಯಾಗುವ ಪ್ಲಾಸ್ಟಿಕ್ ಕೊಳವೆ) ಹಾಕಿಬಿಡಿ. ಉದ್ದವೂ ಸಾಲದು. ಎರಡನೆಯದು ಮೇನ್ಸ್ ಗುಂಯ್. ಅಡಾಪ್ಟರು, ಟ್ರಾನ್ಸ್‌ಫಾರ್ಮರು ಯಾವುದು ಹತ್ತಿರವಿದ್ದರೂ 50 ಅಥವಾ 60 ಹರ್ಟ್ಸ್ ಸದ್ದು ನುಗ್ಗುತ್ತದೆ. ಕಾಯಿಲನ್ನು ಇದ್ದಲ್ಲೇ ತಿರುಗಿಸುತ್ತಾ ಹೋದರೆ ಒಂದು ಕೋನದಲ್ಲಿ ಅದು ತಗ್ಗುತ್ತದೆ, ಅಲ್ಲೇ ಕೆಲಸ ಮಾಡಿ. ಮೋಟಾರಿಗೆ ಬ್ಯಾಟರಿಯೇ ಕೊಟ್ಟರೆ ಅರ್ಧ ತಲೆನೋವು ಕಡಿಮೆ. ಮೇನ್ಸ್‌ಗೆ ಹಾಕುವ ಯಂತ್ರಗಳನ್ನು ಬಿಚ್ಚಲು ಹೋಗಬೇಡಿ. ಕಾಯಿಲ್ ಹೊರಗಿನಿಂದಲೇ ಎಲ್ಲ ಕೇಳುತ್ತದೆ, ಬಿಚ್ಚುವ ಅಗತ್ಯವೇ ಇಲ್ಲ.

ರೆಕಾರ್ಡರಿಗೆ ಹಾಕುವಾಗ ಮೈಕಿಗೆ ಕೊಡುವ ಪ್ಲಗ್-ಇನ್ ಪವರ್ ಆಫ್ ಮಾಡಿ. ಗಿಟಾರ್ ಆಂಪ್‌ಗೂ ಹಾಕಬಹುದು, 6.35 ಮಿ.ಮೀ. ಜ್ಯಾಕಿನ ಅಡಾಪ್ಟರ್ ಬೇಕು ಅಷ್ಟೇ. ಇಯರ್‌ಫೋನ್ ಹಾಕಿಕೊಳ್ಳುವ ಮೊದಲು ವಾಲ್ಯೂಮ್ ತಗ್ಗಿಸಿ. ಮೋಟಾರು ಶುರುವಾಗುವ ಕ್ಷಣದ ಹೊಡೆತ ಕಿವಿಗೆ ಹಿತವಲ್ಲ.

ವೇಗ ಹಿಡಿತದಲ್ಲಿಡಲು ಆರ್ಡುಯಿನೋ (ಪ್ರೋಗ್ರಾಂ ಬರೆದು ನಡೆಸುವ ಪುಟ್ಟ ಕಂಟ್ರೋಲರ್ ಬೋರ್ಡ್) ಬಳಸುವವರಿಗೆ ಒಂದು ಕಿವಿಮಾತು. ಅದರ ಊನೋ ಮಾದರಿಯ ಬೋರ್ಡಿನ ಹೆಚ್ಚಿನ ಪಿನ್ನುಗಳಲ್ಲಿ ಪಿಡಬ್ಲ್ಯೂಎಂ, ಅಂದರೆ ವೇಗ ಹೊಂದಿಸಲು ಕರೆಂಟನ್ನು ಪಟಪಟ ಆನ್-ಆಫ್ ಮಾಡುವ ವಿಧಾನ, ಸುಮಾರು 490 ಹರ್ಟ್ಸ್‌ನಲ್ಲಿರುತ್ತದೆ. ವೇಗ ಎಷ್ಟೇ ಬದಲಿಸಿ, ಆ ಒಂದೇ ಸ್ವರ ಕಾಯಿಲಿನಲ್ಲಿ ಕುಯ್ಯೋ ಅಂತ ಕೂತಿರುತ್ತದೆ. ಅದನ್ನು 20 ಕಿಲೋಹರ್ಟ್ಸ್‌ಗಿಂತ ಮೇಲೆ ಒಯ್ದರೆ ಕಿವಿಗೆ ಸಿಗುವುದಿಲ್ಲ. ಅಥವಾ ಅದನ್ನೇ ಶ್ರುತಿಯಾಗಿ ಇಟ್ಟುಕೊಂಡು ಮೋಟಾರಿನ ಸ್ವರವನ್ನು ಅದರ ಅಕ್ಕಪಕ್ಕ ಜಾರಿಸಿ. ಎರಡೂ ಹತ್ತಿರ ಬಂದಾಗ ಸದ್ದು ಅಲೆಅಲೆಯಾಗಿ ಏರಿಳಿಯುತ್ತದೆ. ನನಗೆ ಈ ಎರಡನೆಯದೇ ಇಷ್ಟ. ರಾಗ ನುಡಿಸಲೇಬೇಕು ಅನ್ನುವವರು ಸ್ಟೆಪ್ಪರ್ ಮೋಟಾರ್ (ಒಂದೊಂದು ಪಲ್ಸ್‌ಗೆ ಒಂದೊಂದು ಹೆಜ್ಜೆ ತಿರುಗುವ ಮೋಟಾರ್) ನೋಡಲಿ. ಸೆಕೆಂಡಿಗೆ ಎಷ್ಟು ಪಲ್ಸ್ ಕೊಡುತ್ತೀರೋ ಸ್ವರವೂ ಅದಕ್ಕೆ ತಕ್ಕಂತೆ, ಲೆಕ್ಕ ಪಕ್ಕಾ. ನನಗೆ ಅದು ಬೇಗ ಬೇಜಾರಾಯಿತು.

ಹಳೆಯ ಆಟಿಕೆಯಿಂದ ಬಿಚ್ಚಿದ ಮೋಟಾರಾದರೆ ಅದರ ಎರಡು ಕಾಲುಗಳ ನಡುವೆ ಪುಟ್ಟ ಸೆರಾಮಿಕ್ ಕೆಪಾಸಿಟರ್ ಇದೆಯಾ ನೋಡಿ. ಕಿಡಿಯ ಗದ್ದಲ ಅಡಗಿಸಲು ಹಾಕಿರುತ್ತಾರೆ. ಅದನ್ನು ಕಿತ್ತರೆ ಮೇಲಿನ ಚಟಪಟ ತುಂಬಿಕೊಂಡು ಬರುತ್ತದೆ. ಪಕ್ಕದಲ್ಲಿ ರೇಡಿಯೋ ಹಚ್ಚಿದವರು ಬೈಯಬಹುದು, ಅದು ಬೇರೆ ಮಾತು.

ಕೊಳ್ಳುವುದಾದರೆ ಎರಡು ಕೊಳ್ಳಿ. ಒಂದು ಮುರಿದಾಗ ಇನ್ನೊಂದು ಇರುತ್ತದೆ ಅಂತ ಮಾತ್ರ ಅಲ್ಲ. ಒಂದನ್ನು ಬ್ರಷ್ ತುದಿಗೆ, ಇನ್ನೊಂದನ್ನು ಶಾಫ್ಟ್ ತುದಿಗೆ ಇಟ್ಟು ಎಡಬಲ ಚಾನೆಲ್ಲಿಗೆ ಕೊಟ್ಟರೆ ಒಂದೇ ಮೋಟಾರು ಸ್ಟೀರಿಯೋ ಆಗುತ್ತದೆ. ಎರಡು ಮೋನೋ ಪ್ಲಗ್ ಸೇರಿಸಿ ಒಂದು ಸ್ಟೀರಿಯೋ ಪ್ಲಗ್ ಮಾಡುವ ವೈರು ಮಾತ್ರ ನೀವೇ ಬೆಸುಗೆ ಹಾಕಿಕೊಳ್ಳಿ, ಅದೇ ನೆಪದಲ್ಲಿ ಆ ಸಣಕಲು ವೈರೂ ಬದಲಾಗುತ್ತದೆ.