ಜೋಗಿಮಟ್ಟಿ ತಪ್ಪಲಿನ ವಿದ್ಯುತ್ ಸೇವೆ: ಐದಕ್ಕೆ ಎರಡು ಅಂಕ

ಚಿತ್ರದುರ್ಗದ ಜೋಗಿಮಟ್ಟಿ ತಪ್ಪಲಿನ ನಮ್ಮ ಬಡಾವಣೆಯಲ್ಲಿ ಮೀಟರ್ ಓದುವವರು ಒಂದು ತಿಂಗಳನ್ನೂ ತಪ್ಪಿಸಿದ್ದಿಲ್ಲ. ಕರೆಂಟಿಗೆ ಮಾತ್ರ ಅಷ್ಟು ನಿಯತ್ತಿಲ್ಲ. ಕಳೆದ ಮಾರ್ಚ್‌ನಲ್ಲಿ ಜೋತುಬಿದ್ದ ತಂತಿಗಳು ಗಾಳಿಗೆ ಒಂದಕ್ಕೊಂದು ತಾಗಿ, ಉದುರಿದ ಕಿಡಿಯಿಂದ ಕಂಬದ ಬುಡದ ಒಣಹುಲ್ಲು ಹೊತ್ತಿಕೊಂಡಾಗ, ನೆರೆಹೊರೆಯವರೇ ಹಸಿ ಸೊಪ್ಪಿನಿಂದ ಬಡಿದು ಬೆಂಕಿ ಆರಿಸಿದರು; ನಮ್ಮ ದೂರಿಗೆ ಸಿಕ್ಕಿದ್ದು ಒಂದು ನೋಂದಣಿ ಸಂಖ್ಯೆ ಮತ್ತು ಒಂಬತ್ತು ಗಂಟೆಗಳ ಕತ್ತಲೆ. ಅಪಾಯವಿದ್ದಾಗ ಲೈನ್ ಕಡಿತಗೊಳಿಸುವುದಕ್ಕೆ ನನ್ನ ಆಕ್ಷೇಪವಿಲ್ಲ. ಬೇಸಿಗೆಗೆ ಮುನ್ನ ತಂತಿ ಬಿಗಿಗೊಳಿಸದೆ, ಕೊಂಬೆ ಕತ್ತರಿಸದೆ, ಬೆಂಕಿ ಬಿದ್ದ ಮೇಲೆ ಕಡಿತವನ್ನೇ ಮುನ್ನೆಚ್ಚರಿಕೆ ಎನ್ನುವುದಕ್ಕೆ ಇದೆ.

ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ 2009ರ ಫೆಬ್ರವರಿ 7ರಂದು ತುಂಡಾದ ಹಳೆಯ ವಿದ್ಯುತ್ ತಂತಿಯಿಂದ ಹೊತ್ತಿದ ಕಿಲ್ಮೋರ್ ಈಸ್ಟ್ ಕಾಳ್ಗಿಚ್ಚಿಗೆ 119 ಜನ ಬಲಿಯಾದರು. ಆ ದಿನದ ಬೆಂಕಿಗಳ ವಿಚಾರಣೆಗೆ ನೇಮಕವಾದ ರಾಯಲ್ ಆಯೋಗವು ಹಳೆಯ ಲೈನುಗಳನ್ನೇ ಬದಲಿಸುವಂತೆ ಶಿಫಾರಸು ಮಾಡಿತು. ನಮ್ಮಲ್ಲಿಯೂ 2020ರ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳು, ಸೇವೆಯ ಮಾನದಂಡ ತಪ್ಪಿದರೆ ಗ್ರಾಹಕರಿಗೆ ಪರಿಹಾರ ತಾನಾಗಿಯೇ ಸಲ್ಲಬೇಕೆನ್ನುತ್ತವೆ. ನನ್ನ ಬಿಲ್ಲಿನಲ್ಲಿ ಅಂಥದೊಂದು ಸಾಲು ಇನ್ನೂ ಕಂಡಿಲ್ಲ.

ಕೊಟ್ಟ ಎರಡು ಅಂಕಗಳಲ್ಲಿ ಒಂದು, ಆ ರಾತ್ರಿ ಟಾರ್ಚ್ ಬೆಳಕಿನಲ್ಲಿ ಕಂಬ ಹತ್ತಿದ ಲೈನ್‌ಮನ್‌ಗೆ ಸೇರಿದ್ದು.