ಟ್ಯೂಷನ್ ಫಾರಂಗೆ ಸಹಿ ಹಾಕುವ ಮುಂಚೆ ಇದನ್ನು ಓದಿ

ದಾವಣಗೆರೆಯಲ್ಲಿ ಮಕ್ಕಳನ್ನು ಅಬಾಕಸ್, ಟ್ಯೂಷನ್ ಅಂತ ಕಳಿಸುವ ಅಪ್ಪ ಅಮ್ಮಂದಿರು ದಯವಿಟ್ಟು ಪೂರ್ತಿ ಓದಿ. ನನ್ನ ಮಗಳ ಮುಖ, ದನಿ ತೆಗೆದು ಎಐ (ಕೃತಕ ಬುದ್ಧಿಮತ್ತೆ) ಆ್ಯಪಲ್ಲಿ ನಕಲಿ ವಿಡಿಯೊ ಮಾಡಿ, ಅವಳ ಕ್ಲಾಸಿನವರು ಜಾಹೀರಾತಿಗೆ ಹಾಕಿದ್ದಾರೆ. ಬೇರೆ ಊರಿನವರೂ ಓದಿ, ನಿಮ್ಮ ಮಗುವಿಗೂ ಹೀಗಾಗಬಹುದು.

ನಾದಿನಿ ಫೋನ್ ಮಾಡಿ "ಅತ್ತಿಗೆ, ಪುಟ್ಟಿ ಜಾಹೀರಾತಲ್ಲಿ ಬಂದಿದಾಳೆ, ಹೇಳಲೇ ಇಲ್ಲ ನೀವು" ಅಂದಾಗಲೇ ನನಗೆ ಗೊತ್ತಾಗಿದ್ದು. ವಿಡಿಯೊ ತೆಗೆದು ನೋಡಿದೆ. ನನ್ನ ಮಗಳದ್ದೇ ಮುಖ. ಎಡ ಹುಬ್ಬಿನ ಕೆಳಗಿನ ಮಚ್ಚೆ ಹಾಗೇ ಇದೆ, ಬಿದ್ದುಹೋದ ಮುಂದಿನ ಹಲ್ಲು ಮಾತ್ರ ಬಂದುಬಿಟ್ಟಿದೆ! ಅವಳು ಯಾವತ್ತೂ ಹಾಕದ ಕೋಟು ಹಾಕಿಸಿ, ಅವಳದ್ದೇ ದನಿಯಲ್ಲಿ "ನಾನು ಲೆಕ್ಕದಲ್ಲಿ ದಡ್ಡಿ ಆಗಿದ್ದೆ, ಈ ಕ್ಲಾಸಿಗೆ ಬಂದ ಮೇಲೆ ಫಸ್ಟ್" ಅಂತ ಹೇಳಿಸಿದ್ದಾರೆ. ದಡ್ಡಿಯಂತೆ. ನೆಂಟರೆಲ್ಲ ನೋಡಿಯಾಗಿದೆ. ಶಾಲೆಯಲ್ಲಿ ಮಕ್ಕಳು ಹಾಗೇ ಕರೆಯುತ್ತಿದ್ದಾರೆ. "ಅಮ್ಮ, ನಾನು ಹಂಗೆ ಹೇಳೇ ಇಲ್ಲ" ಅಂತ ಅಳುತ್ತಾಳೆ.

ಕ್ಲಾಸಿಗೆ ಹೋಗಿ ಕೇಳಿದರೆ ಮೊದಲ ಉತ್ತರ: "ಮೇಡಂ, ಅದು ನಿಮ್ಮ ಮಗಳಲ್ಲ, ಎಐ ಮಗು." ಮಚ್ಚೆ ತೋರಿಸಿದೆ. ಆಗ "ಎಷ್ಟು ಮುದ್ದಾಗಿ ಬಂದಿದೆ, ಖುಷಿ ಪಡಿ ಮೇಡಂ." ಅದಕ್ಕೂ ಬಗ್ಗದಿದ್ದಾಗ ಅಡ್ಮಿಷನ್ ಫಾರಂ ತೆಗೆದು ಹಿಂದಿನ ಪುಟ ತೋರಿಸಿದರು. ಪ್ರಚಾರಕ್ಕೆ ಫೋಟೊ ಬಳಸಬಹುದು ಅಂತ ಸಣ್ಣ ಅಕ್ಷರದಲ್ಲಿ ಒಂದು ಸಾಲು, ಕೆಳಗೆ ನನ್ನ ಸಹಿ. ರೀ, ಫೋಟೊ ಅಂದರೆ ಬಹುಮಾನ ಕೊಡುವಾಗ ತೆಗೆದದ್ದನ್ನು ಫ್ಲೆಕ್ಸಿಗೆ ಹಾಕ್ತಾರೆ, ಎಲ್ಲ ಕಡೆ ಅಷ್ಟೇ ಅಲ್ವಾ? ಹೇಳದ ಮಾತನ್ನು ಮಗು ಬಾಯಲ್ಲಿ ಹೇಳಿಸೋದಕ್ಕೆ ಅದರಲ್ಲಿ ಒಪ್ಪಿಗೆ ಎಲ್ಲಿದೆ?

ದನಿ ಎಲ್ಲಿಂದ ಬಂತು ಗೊತ್ತಾ? "ಮಗ್ಗಿ ಹೇಳುವ ವಿಡಿಯೊ ಗ್ರೂಪಿಗೆ ಕಳಿಸಿ" ಅಂತ ಕ್ಲಾಸಿನವರು ಮೊದಲೇ ಕೇಳಿದ್ದರಲ್ಲ, ಅದರಿಂದ. ಈಗ ಕೆಲವು ಸೆಕೆಂಡಿನ ದನಿ ಸಿಕ್ಕರೆ ಸಾಕು, ನಕಲು ತಯಾರು. ನಾಳೆ ಯಾರೋ ಕಳ್ಳ ಇದೇ ದನಿಯಲ್ಲಿ ಅವಳ ಅಜ್ಜಿಗೆ ಫೋನ್ ಮಾಡಿ ಅತ್ತರೆ, ಅವರು ಕೇಳಿದಷ್ಟು ದುಡ್ಡು ಹಾಕಿಬಿಡುತ್ತಾರೆ.

ಯಾವ ಆ್ಯಪ್ ಅಂತ ಕೇಳಿದೆ. "ಯಾವುದೋ ಫ್ರೀ ಆ್ಯಪ್ ಮೇಡಂ, ನಮ್ಮ ಹುಡುಗ ಮಾಡಿದ್ದು, ಡಿಲೀಟ್ ಮಾಡಿದ್ದೀವಿ." ಡಿಲೀಟ್ ಆಗಿದ್ದು ಅವನ ಫೋನಿಂದ. ಆ ಕಂಪನಿ ಹತ್ತಿರ ಹೋದ ಮುಖ, ದನಿ? ಬ್ರೆಜಿಲ್, ಆಸ್ಟ್ರೇಲಿಯಾದ ಮಕ್ಕಳ ಫೋಟೊಗಳು ಎಐ ತರಬೇತಿಗೆ ಬಳಸಿದ ಲೈಯಾನ್-5ಬಿ ಅನ್ನೋ ದೊಡ್ಡ ಫೋಟೊ ಸಂಗ್ರಹದಲ್ಲಿ ಸಿಕ್ಕಿವೆ ಅಂತ ಹ್ಯೂಮನ್ ರೈಟ್ಸ್ ವಾಚ್ ಅನ್ನೋ ಮಾನವ ಹಕ್ಕು ಸಂಸ್ಥೆ 2024ರಲ್ಲೇ ಹೇಳಿತ್ತು. ಕೆಲವಕ್ಕೆ ಮಕ್ಕಳ ಹೆಸರೂ ಅಂಟಿಕೊಂಡಿತ್ತು. ಆ ಮಕ್ಕಳ ಮನೆಯವರನ್ನು ಯಾರೂ ಕೇಳಿರಲಿಲ್ಲ.

2023ರ ಡೇಟಾ ರಕ್ಷಣೆ ಕಾಯ್ದೆ ಪ್ರಕಾರ 18ರ ಒಳಗಿನವರ ಮಾಹಿತಿ ಬಳಸೋಕೆ ಪೋಷಕರ ಒಪ್ಪಿಗೆ ಬೇಕು, ತಪ್ಪಿದರೆ 200 ಕೋಟಿವರೆಗೆ ದಂಡ ಅಂದೆ. ಅದಕ್ಕೆ ಬಂದ ಉತ್ತರ ಕೇಳಿ: "ಅದಿನ್ನೂ ಪೂರ್ತಿ ಜಾರಿಗೆ ಬಂದಿಲ್ಲ ಮೇಡಂ." ನೋಡಿದರೆ ನಿಜ. ನಿಯಮ ಬಂದಿದ್ದೇ 2025ರ ನವೆಂಬರ್‌ನಲ್ಲಿ, ಒಪ್ಪಿಗೆಯ ಭಾಗಕ್ಕೆ ಮತ್ತೆ 18 ತಿಂಗಳು ಗಡುವು. ಮಗು ಫೋಟೊ ಕದಿಯೋಕೆ ಮೊದಲು ಕಾನೂನು ಓದಿಕೊಂಡಿದ್ದಾರೆ!

ಅವರ ಪೇಜಿನಿಂದ ವಿಡಿಯೊ ತೆಗೆಸಿದೆ. ವಾಟ್ಸಾಪಲ್ಲಿ ಇನ್ನೂ ಓಡಾಡುತ್ತಿದೆ, ಕಂಡವರು ಫಾರ್ವರ್ಡ್ ಮಾಡಬೇಡಿ. ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ದೂರು ಕೊಟ್ಟಿದ್ದೇನೆ. ನಿಮ್ಮ ಮಗುವಿನ ಅಶ್ಲೀಲ ಚಿತ್ರ ಯಾರಾದರೂ ಮಾಡಿದ್ದರೆ ಅಲ್ಲಿ ಮಹಿಳೆಯರು, ಮಕ್ಕಳಿಗೆ ಅಂತ ಬೇರೆ ವಿಭಾಗವೇ ಇದೆ, ಹೆಸರು ಹೇಳದೆಯೂ ದೂರು ಕೊಡಬಹುದು. ಮಕ್ಕಳ ಸಹಾಯವಾಣಿ 1098.

ಫಾರಂ ಕೊಟ್ಟರೆ ಹಿಂದಿನ ಪುಟ ಓದಿ. ಆ ಸಾಲನ್ನು ಪೆನ್ನಲ್ಲಿ ಹೊಡೆದು "ಎಐಗೆ ಒಪ್ಪಿಗೆ ಇಲ್ಲ" ಅಂತ ಬರೆದು ಸಹಿ ಮಾಡಿ, ಒಂದು ಫೋಟೊ ಇಟ್ಟುಕೊಳ್ಳಿ. ಗೊಣಗಿದರೆ ಬೇರೆ ಕ್ಲಾಸು ನೋಡಿ.